ಕಂಪ್ಯೂಟರ್ ಆನ್ ಆಗ್ತಿಲ್ವಾ? ಎಲ್ಲಿ ನಿಂತಿತು ಅಂತ ಮೊದಲು ನೋಡಿ

ಕಾಸರಗೋಡಿನ ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆಯ ತೋಟದವರಿಗೆ ಪಂಪಿನ ಕಥೆ ಗೊತ್ತೇ ಉಂಟು. ಫುಟ್‌ವಾಲ್ವ್ ಸೋರಿ ಪೈಪು ಖಾಲಿಯಾಗಿದ್ದರೆ ಸ್ವಿಚ್ ಹಾಕಿದರೂ ಮೋಟಾರು ಸುಮ್ನೆ ತಿರುಗುತ್ತದೆ. ಮೇಲಿನಿಂದ ಒಂದು ಕೊಡಪಾನ ನೀರು ಹೊಯ್ದರೆ ಮಾತ್ರ ಕೆರೆಯ ನೀರು ಏರುತ್ತದೆ.

ಕಂಪ್ಯೂಟರಿನದ್ದೂ ಇದೇ ಪಾಡು. ಯಂತ್ರವನ್ನು ನಡೆಸುವ ಮೂಲ ಸಾಫ್ಟ್‌ವೇರ್, ಅದು ವಿಂಡೋಸ್ ಆಗಲಿ, ಉಬುಂಟು ಆಗಲಿ, ಮಲಗಿರುವುದು ಡಿಸ್ಕಿನಲ್ಲಿ. ಅದನ್ನು ಎತ್ತಿ, ಕರೆಂಟು ಹೋದರೆ ಅಳಿದುಹೋಗುವ ತಾತ್ಕಾಲಿಕ ನೆನಪಾದ ರ‍್ಯಾಮ್‌ಗೆ ಹಾಕಲು ಒಂದು ಪ್ರೋಗ್ರಾಂ ಬೇಕು. ಆದರೆ ಬಟನ್ ಒತ್ತುವ ಹೊತ್ತಿಗೆ ರ‍್ಯಾಮ್ ಖಾಲಿ! ಹಾಗಾದರೆ ಆ ಮೊದಲ ಕೊಡಪಾನ ನೀರು ಎಲ್ಲಿಂದ?

ಮೊದಲ ಹಂತ: ಚಿಪ್

ಮದರ್‌ಬೋರ್ಡಿನಲ್ಲಿ ಒಂದು ಪುಟ್ಟ ಫ್ಲ್ಯಾಶ್ ಚಿಪ್ ಉಂಟು. ಕರೆಂಟು ಹೋದರೂ ಅದರಲ್ಲಿ ಬರೆದದ್ದು ಅಳಿಯುವುದಿಲ್ಲ. ಕಂಪ್ಯೂಟರನ್ನು ಎಬ್ಬಿಸುವ ಪ್ರೋಗ್ರಾಂ ಇರುವುದು ಅದರೊಳಗೆ: ಹಳೆಯ ಯಂತ್ರಗಳಲ್ಲಿ ಅದರ ಹೆಸರು ಬಯೋಸ್, ಈಗಿನವುಗಳಲ್ಲಿ ಯುಇಎಫ್ಐ. ಡೆಸ್ಕ್‌ಟಾಪಿನ ಪವರ್ ಸಪ್ಲೈ ವೋಲ್ಟೇಜ್ ಸರಿಯಾದ ಮೇಲೆ ‘ಪವರ್ ಗುಡ್’ ಸಿಗ್ನಲ್ ಕೊಡುತ್ತದೆ. ಅಲ್ಲಿಯ ತನಕ ಪ್ರೊಸೆಸರ್ ಅಲುಗಾಡುವುದಿಲ್ಲ. ಸಿಗ್ನಲ್ ಸಿಕ್ಕಿದ ಮೇಲೆ ಅದು ಓದಲು ಶುರು ಮಾಡುವುದು ಮೊದಲೇ ಗೊತ್ತು ಮಾಡಿದ ಒಂದು ವಿಳಾಸದಿಂದ. ಇಂಟೆಲ್ ಮಾದರಿಯಲ್ಲಿ ಅದು 4 ಜಿಬಿ ಗಡಿಗಿಂತ 16 ಬೈಟ್ ಕೆಳಗೆ. ಅಲ್ಲಿ ಸಿಗುವುದು ರ‍್ಯಾಮ್ ಅಲ್ಲ, ಈ ಚಿಪ್.

ಎರಡನೆಯದು: ತಪಾಸಣೆ

ರ‍್ಯಾಮ್ ಉಂಟಾ, ಡಿಸ್‌ಪ್ಲೇ ಉಂಟಾ, ಕೀಬೋರ್ಡ್ ಉಂಟಾ ಎಂದು ಚಿಪ್‌ನ ಪ್ರೋಗ್ರಾಂ ಹುಡುಕುತ್ತದೆ. ಇದಕ್ಕೆ ‘ಪೋಸ್ಟ್’ ಎನ್ನುತ್ತಾರೆ. ಫ್ಯಾನ್ ತಿರುಗುತ್ತಿದೆ, ಪರದೆ ಕಪ್ಪು, ಬೀಪ್ ಬೀಪ್ ಅಂತ ಸದ್ದು ಬರುತ್ತಿದೆ ಅಂದರೆ ಸಮಸ್ಯೆ ಇಲ್ಲೇ. ವಿಂಡೋಸನ್ನು ಬೈದು ಪ್ರಯೋಜನ ಇಲ್ಲ, ಅದು ಇನ್ನೂ ಎದ್ದೇ ಇಲ್ಲ. ನಮ್ಮ ಮಳೆಗಾಲದ ತೇವಕ್ಕೆ ರ‍್ಯಾಮಿನ ಅಂಚಿಗೆ ಕಿಲುಬು ಹಿಡಿಯುವುದುಂಟು. ಡೆಸ್ಕ್‌ಟಾಪ್ ಆದರೆ ಪ್ಲಗ್ ಕಿತ್ತು, ರ‍್ಯಾಮ್ ಕಳಚಿ, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, ‘ಟಕ್’ ಅನ್ನುವಂತೆ ಕೂರಿಸಿ.

ಇನ್ನೊಂದು ಚಿಕ್ಕ ತೊಂದರೆ ನಮ್ಮ ಮನೆಯಲ್ಲೇ ಆದದ್ದು. ಡೆಸ್ಕ್‌ಟಾಪ್ ಆನ್ ಆಗುತ್ತಿತ್ತು, ಇಂಟರ್‌ನೆಟ್ಟೂ ಇತ್ತು, ಆದರೆ ಬ್ಯಾಂಕಿನ ಪುಟ ತೆರೆಯುತ್ತಿರಲಿಲ್ಲ. ಎರಡು ದಿನ ವೈಫೈ ಮೇಲೆ ಸಂಶಯಪಟ್ಟೆ. ಕೊನೆಗೆ ನೋಡಿದರೆ ಗಡಿಯಾರ ಹಲವು ವರ್ಷ ಹಿಂದೆ ಹೋಗಿತ್ತು! ತಾರೀಕು ತಪ್ಪಿದರೆ ವೆಬ್‌ಸೈಟಿನ ಭದ್ರತಾ ಸರ್ಟಿಫಿಕೇಟನ್ನು ಬ್ರೌಸರ್ ಒಪ್ಪುವುದಿಲ್ಲ. ಗಡಿಯಾರವನ್ನು ನಡೆಸುವ 3 ವೋಲ್ಟಿನ ಸಿಆರ್ 2032 ಬಿಲ್ಲೆ ಬ್ಯಾಟರಿ ಮುಗಿದಿತ್ತು, ಅಷ್ಟೇ.

ಮೂರನೆಯದು: ಯಾರನ್ನು ಎಬ್ಬಿಸುವುದು?

ಹಳೆಯ ಬಯೋಸ್ ಡಿಸ್ಕಿನ ಮೊದಲ 512 ಬೈಟ್‌ಗಳನ್ನು ಮಾತ್ರ ಓದುತ್ತದೆ. ಅಷ್ಟು ಇಕ್ಕಟ್ಟಿನ ಜಾಗದಲ್ಲಿರುವ ಪ್ರೋಗ್ರಾಂ ಮುಂದಿನ ದೊಡ್ಡ ಪ್ರೋಗ್ರಾಮನ್ನು ಕರೆಯಬೇಕು. ಯುಇಎಫ್ಐಗೆ ಆ ಕಷ್ಟ ಇಲ್ಲ. ಡಿಸ್ಕಿನಲ್ಲಿ ಅದಕ್ಕೆಂದೇ ಒಂದು ಪಾರ್ಟಿಷನ್, ಅಂದರೆ ಬೇರೆ ಮಾಡಿಟ್ಟ ಭಾಗ, ಇರುತ್ತದೆ. ಅಲ್ಲಿಂದ ಬೂಟ್‌ಲೋಡರ್ (ವಿಂಡೋಸ್ ಅಥವಾ ಉಬುಂಟುವನ್ನು ಎಬ್ಬಿಸುವ ಪ್ರೋಗ್ರಾಂ) ಫೈಲನ್ನು ನೇರ ಎತ್ತಿಕೊಳ್ಳುತ್ತದೆ. ‘ಬೂಟ್ ಡಿವೈಸ್ ಇಲ್ಲ’ ಎಂಬ ಸಂದೇಶ ಬಂದರೆ ಹೆದರುವ ಮೊದಲು ಸಿಕ್ಕಿಸಿಟ್ಟ ಪೆನ್‌ಡ್ರೈವ್ ತೆಗೆದು ನೋಡಿ.

ಕೇರಳದ ಸರಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ನಡೆಯುವುದು ರಾಜ್ಯ ಸರಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆ ‘ಕೈಟ್’ ಕೊಡುವ, ಉಬುಂಟು ಆಧಾರಿತ ಲಿನಕ್ಸಿನಲ್ಲಿ. ಹಾಗಾಗಿ ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳಿಗೆ ಅದರದ್ದೇ ಬಳಕೆ ಜಾಸ್ತಿ. ಮನೆಯ ಲ್ಯಾಪ್‌ಟಾಪಿಗೂ ವಿಂಡೋಸಿನ ಜೊತೆ ಅದನ್ನು ಹಾಕಿಸಿದರೆ, ಆನ್ ಮಾಡಿದಾಗ ಎರಡೂ ಹೆಸರುಗಳ ಪಟ್ಟಿ ಕಾಣುತ್ತದೆ. ಪಟ್ಟಿ ತೋರಿಸುವ ಬೂಟ್‌ಲೋಡರಿನ ಹೆಸರು ‘ಗ್ರಬ್’. ಅದು ಕೆಲವು ಸೆಕೆಂಡು ಕಾದು, ನೀವು ಸುಮ್ಮನಿದ್ದರೆ ಮೊದಲನೆಯದನ್ನೇ ಎಬ್ಬಿಸುತ್ತದೆ.

ಮುಂದಿನದ್ದು ಬೇಗ ಮುಗಿಯುತ್ತದೆ. ಬೂಟ್‌ಲೋಡರ್ ಕರ್ನಲನ್ನು, ಅಂದರೆ ವಿಂಡೋಸ್ ಅಥವಾ ಉಬುಂಟುವಿನ ತಿರುಳನ್ನು, ರ‍್ಯಾಮ್‌ಗೆ ತರುತ್ತದೆ, ಕರ್ನಲ್ ಯಂತ್ರದ ಭಾಗಗಳನ್ನು ನಡೆಸುವ ಡ್ರೈವರ್‌ಗಳನ್ನು ಹೊಂದಿಸುತ್ತದೆ. ಉಬುಂಟುವಿನಲ್ಲಿ ಆಮೇಲೆ ‘ಸಿಸ್ಟಂಡಿ’ 1ನೇ ನಂಬರಿನ ಪ್ರೋಗ್ರಾಂ ಆಗಿ ಎದ್ದು ಉಳಿದವರನ್ನು ಕರೆಯುತ್ತದೆ. ಕೊನೆಗೆ ಪಾಸ್‌ವರ್ಡ್ ಕೇಳುವ ಪರದೆ.

ಎರಡೂ ಇಟ್ಟುಕೊಂಡವರು ಒಂದು ವಿಷಯ ಗಮನಿಸಿ. ವಿಂಡೋಸಿನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಆನ್ ಇದ್ದರೆ, ಶಟ್‌ಡೌನ್ ಕೊಟ್ಟಾಗ ಅದು ಕರ್ನಲಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಅರ್ಧ ನಿದ್ದೆಗೆ ಹೋಗುತ್ತದೆ. ಆಗ ಉಬುಂಟುವಿನಿಂದ ವಿಂಡೋಸಿನ ಡ್ರೈವ್‌ಗೆ ಫೈಲ್ ಸೇವ್ ಮಾಡಲು ಹೋದರೆ ಬಿಡದೇ ಇರಬಹುದು. ಅಕ್ಕನ ಮಗಳು ಶಾಲೆಯ ಪ್ರಾಜೆಕ್ಟ್ ಹಿಡಿದುಕೊಂಡು ಅತ್ತದ್ದು ಇದಕ್ಕೇ. ಶಟ್‌ಡೌನ್ ಬದಲು ರಿಸ್ಟಾರ್ಟ್ ಕೊಟ್ಟು, ಗ್ರಬ್ ಪಟ್ಟಿಯಲ್ಲಿ ಉಬುಂಟು ಆರಿಸಿದೆವು. ಫೈಲ್ ಸೇವ್ ಆಯಿತು.