ಮೀನಿನ ಪಿಕಪ್‌ಗೆ ಬೆಡ್‌ಲೈನರ್: ಉಪ್ಪು ತೆಗೆದ ಮೇಲಷ್ಟೇ ಸ್ಪ್ರೇ ಗನ್ ಹಿಡಿಯಬೇಕು

ಮಲ್ಪೆ ಬಂದರಿನಿಂದ ಮೀನು ಸಾಗಿಸುವ ಪಿಕಪ್‌ಗಳ ಹಿಂದಿನ ಬಾಡಿ ಹಾಳಾಗುವುದು ಭಾರದಿಂದ ಅಲ್ಲ, ನೀರಿನಿಂದ. ಬಂಗುಡೆ, ಬೂತಾಯಿ ತುಂಬಿದ ಕ್ರೇಟುಗಳಲ್ಲಿ ಐಸು ಕರಗಿ ಮೀನಿಗೆ ಅಂಟಿದ ಕಡಲ ನೀರಿನೊಂದಿಗೆ ಸೇರುತ್ತದೆ. ಆಗುಂಬೆ ಘಾಟಿ ಹತ್ತುವಾಗ ಆ ಉಪ್ಪುನೀರೆಲ್ಲ ಹಿಂದಕ್ಕೆ ಹರಿದು ಬಾಗಿಲಿನ ಬುಡದಲ್ಲಿ ನಿಲ್ಲುತ್ತದೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಉಂಟು. ನೀರು ಆರಿದರೂ ಉಪ್ಪು ಅಲ್ಲೇ ಕೂತು ಗಾಳಿಯ ತೇವ ಎಳೆದುಕೊಳ್ಳುತ್ತಲೇ ಇರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಗಾಡಿ ಖಾಲಿ ನಿಂತಿರುತ್ತದೆ ಎಂದು ಆಗಲೇ ರೆಡ್ ಆಕ್ಸೈಡ್ ಬಳಿದು ಮೇಲೆ ಎನಾಮಲ್ ಹೊಡೆಯುವುದು ನಮ್ಮಲ್ಲಿ ರೂಢಿ. ದೀಪಾವಳಿ ಹೊತ್ತಿಗೆ ಅದು ಹಪ್ಪಳ ಹಪ್ಪಳವಾಗಿ ಏಳುತ್ತದೆ. ಅದಕ್ಕೇ ನನ್ನ ಬೊಲೆರೊ ಪಿಕಪ್‌ಗೆ ಸ್ಪ್ರೇ ಬೆಡ್‌ಲೈನರ್ ಹಾಕುವುದೆಂದು ತೀರ್ಮಾನಿಸಿದೆ.

ಬೆಡ್‌ಲೈನರ್ ಅಂದರೆ ಪಾಲಿಯೂರಿಥೇನ್ ಅಥವಾ ಪಾಲಿಯೂರಿಯಾದ ದಪ್ಪ ಲೇಪ. ಒಣಗಿದ ಮೇಲೆ ಒರಟಾಗಿ, ಸ್ವಲ್ಪ ರಬ್ಬರಿನಂತೆ ಇರುತ್ತದೆ. ಕ್ರೇಟು ಎಳೆದರೂ ಸುಲಭಕ್ಕೆ ಗೀರು ಬೀಳುವುದಿಲ್ಲ. ಅಮೆರಿಕದ ಲೈನ್‌ಎಕ್ಸ್‌ನಂಥ ಕಂಪನಿಯವರು ಇದನ್ನು ಬಿಸಿ ಮಾಡಿ ದೊಡ್ಡ ಒತ್ತಡದ ಯಂತ್ರದಲ್ಲಿ ಹೊಡೆಯುತ್ತಾರೆ. ನಾನು ಆರಿಸಿದ್ದು ಸಾಮಾನ್ಯ ಕಂಪ್ರೆಸರ್‌ನಲ್ಲಿ ನಡೆಯುವ ಎರಡು ಭಾಗದ ಕಿಟ್: ಮೂರು ಪಾಲು ಲೇಪ, ಒಂದು ಪಾಲು ಹಾರ್ಡನರ್, ಅಂದರೆ ಲೇಪವನ್ನು ಗಟ್ಟಿಮಾಡುವ ದ್ರಾವಣ. ಕೊಳ್ಳುವಾಗ ಅದು ಅಲಿಫ್ಯಾಟಿಕ್ ಜಾತಿಯದೋ ಅರೋಮ್ಯಾಟಿಕ್ ಜಾತಿಯದೋ ಎಂದು ಕೇಳಿ. ಅರೋಮ್ಯಾಟಿಕ್ ಅಗ್ಗ, ಆದರೆ ಬಿಸಿಲಿಗೆ ಬಣ್ಣ ಕೆಟ್ಟು ಸುಣ್ಣದ ಹುಡಿಯಂತಾಗುತ್ತದೆ. ತೆರೆದ ಬಾಡಿಗೆ ಅಲಿಫ್ಯಾಟಿಕ್ಕೇ ಆಗಬೇಕು.

ನಿಜವಾದ ಕೆಲಸ ಇರುವುದು ಗನ್ ಹಿಡಿಯುವ ಮೊದಲು. ಉಡುಪಿಯಲ್ಲಿ ನನ್ನ ಗಾಡಿ ನೋಡಿಕೊಳ್ಳುವ ಪೈಂಟರ್ ಅಣ್ಣ, "ತುಕ್ಕಿನ ಮೇಲೆ ತುಕ್ಕನ್ನು ಗಟ್ಟಿಪದರ ಮಾಡುವ ಕನ್ವರ್ಟರ್ ಬಳಿದು ಹೊಡೆಯುವ ಮಾರಾಯ್ರೆ, ಇಷ್ಟು ದಪ್ಪ ಲೇಪ, ಒಳಗಿನದ್ದು ಯಾರಿಗೆ ಕಾಣ್ತದೆ?" ಎಂದರು. ಕಾಣುವುದಿಲ್ಲ, ಅದೇ ನನಗಿದ್ದ ಭಯ. ಉಪ್ಪಿನ ಮೇಲೆ ಎಂಥ ಲೇಪ ಹಾಕಿದರೂ ಆ ಉಪ್ಪು ತೇವವನ್ನು ಒಳಗೆಳೆದು ಗುಳ್ಳೆ ಎಬ್ಬಿಸುತ್ತದೆ. ತಗಡು ಒಳಗೊಳಗೇ ತೂತಾಗುವವರೆಗೂ ಮೇಲಿನದ್ದು ಚಂದವೇ ಇರುತ್ತದೆ. "ಉಪ್ಪು ಹೋಗದೆ ಗನ್ ಮುಟ್ಟುವುದು ಬೇಡ ಅಣ್ಣ" ಎಂದೆ. ಅವರು ಒಪ್ಪಿದರು.

ಮೊದಲು ಬಾವಿಯ ಸಿಹಿನೀರಿನಲ್ಲಿ ಪ್ರೆಷರ್ ವಾಷ್. ಆಮೇಲೆ ಗ್ರೈಂಡರ್‌ಗೆ ವೈರ್ ಬ್ರಷ್ ಹಾಕಿ ತುಕ್ಕು ತೆಗೆದು ಪುನಃ ತೊಳೆದೆವು. ಎರಡನೆಯ ತೊಳೆತವನ್ನು ಯಾರೂ ಬಿಡಬಾರದು. ತುಕ್ಕಿನ ಗುಳಿಗಳ ತಳದಲ್ಲಿ ಅಡಗಿದ ಉಪ್ಪು ಮೊದಲ ಸಲಕ್ಕೆ ಹೊರಬರುವುದೇ ಇಲ್ಲ. ಹೋಗಿದೆಯೋ ಇಲ್ಲವೋ ತಿಳಿಯಲು ಸುಲಭದ ದಾರಿ ಉಂಟು. ಹೊಳೆಯುವ ತಗಡಿನ ಮೇಲೆ ಶುದ್ಧ ನೀರು ಚಿಮುಕಿಸಿ ಬಿಡಿ. ಗುಳಿಗಳಲ್ಲಿ ಮಾತ್ರ ಬೇಗ ಕಪ್ಪು, ಕಂದು ಚುಕ್ಕೆ ಎದ್ದರೆ ಉಪ್ಪು ಇನ್ನೂ ಉಂಟು ಎಂದೇ ಅರ್ಥ. ನಮಗೆ ಹಿಂದಿನ ಬಾಗಿಲಿನ ಬುಡದಲ್ಲಿ ಚುಕ್ಕೆ ಬರುತ್ತಲೇ ಇತ್ತು. ಉಜ್ಜಿ, ತೊಳೆದು, ಒಣಗಿಸಿ, ಅದು ನಿಲ್ಲುವವರೆಗೂ ಬಿಡಲಿಲ್ಲ. ತೀರಾ ತೆಳುವಾದ ಕಡೆ ತಗಡು ಕತ್ತರಿಸಿ ಹೊಸದು ವೆಲ್ಡ್ ಮಾಡಿಸಿದೆ. ಬರಿ ತಗಡಿಗೆ ಎಪಾಕ್ಸಿ ಪ್ರೈಮರ್, ಜಾಯಿಂಟುಗಳಿಗೆ ಸೀಮ್ ಸೀಲರ್. ಹಳೆಯ ಬಣ್ಣ ಗಟ್ಟಿ ಇದ್ದ ಕಡೆ 180 ನಂಬರಿನ ಎಮರಿ ಪೇಪರಿನಲ್ಲಿ ಹೊಳಪು ಸಾಯುವಂತೆ ತಿಕ್ಕಿದರೆ ಸಾಕು. ನೀರು ಇಳಿಯುವ ತೂತುಗಳನ್ನು ಮುಚ್ಚಲು ಬಿಡಬೇಡಿ. ತೂತಿನ ಅಂಚಿಗೂ ಲೇಪ ಹೋಗಬೇಕು.

ಮಳೆಗಾಲದಲ್ಲಿ ಗಾಡಿ ಖಾಲಿ ಇದ್ದರೂ ಈ ಕೆಲಸ ಆಗ ಬೇಡ. ಹಾರ್ಡನರ್‌ನಲ್ಲಿರುವ ಐಸೋಸಯನೇಟ್ ನೀರಿನೊಂದಿಗೆ ಸೇರಿದರೆ ಕಾರ್ಬನ್ ಡೈಆಕ್ಸೈಡ್ ಹುಟ್ಟಿ ಲೇಪದೊಳಗೆ ಗುಳ್ಳೆ ಏಳುತ್ತದೆ. ತಗಡು ಬೆವರಿದ್ದರಂತೂ ಹಿಡಿಯುವುದೇ ಇಲ್ಲ. ತಗಡಿನ ಬಿಸಿ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕೂರತೊಡಗುವ ಉಷ್ಣತೆಗಿಂತ) ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕು ಎನ್ನುವುದು ಪೈಂಟಿಂಗ್‌ನಲ್ಲಿ ಎಲ್ಲೆಡೆ ಒಪ್ಪಿದ ಲೆಕ್ಕ. 30 ಡಿಗ್ರಿ ಸೆಕೆ, ಗಾಳಿಯಲ್ಲಿ ಶೇ. 80 ತೇವ ಇದ್ದರೆ ಇಬ್ಬನಿ ಬಿಂದು 26ರ ಹತ್ತಿರ. ಅಂದರೆ ನೆರಳಿನಲ್ಲಿ ನಿಂತ ತಗಡಿಗೆ ಉಳಿಯುವ ಅಂತರ ಬಹಳ ಕಡಿಮೆ. ನಾವು ಜನವರಿಯಲ್ಲಿ, ಬೆಳಗಿನ ಇಬ್ಬನಿ ಪೂರ್ತಿ ಆರಿದ ಮೇಲೆ, ಮಧ್ಯಾಹ್ನದ ಕಡಲಗಾಳಿ ಜೋರಾಗುವ ಮೊದಲು ಹೊಡೆದೆವು. ಒಂದು ವಾರದ ಬಾಡಿಗೆ ಹೋಯಿತು. ಹೋಗಲಿ, ಆ ಖರ್ಚು ಲೆಕ್ಕದಲ್ಲೇ ಇತ್ತು.

ಮಾಸ್ಕ್ ವಿಷಯದಲ್ಲಿ ನಾನು ಯಾರ ಮಾತಿಗೂ ಬಗ್ಗುವುದಿಲ್ಲ. ಕರ್ಚೀಫು, ಕೊರೊನಾ ಕಾಲದ ಬಟ್ಟೆ ಮಾಸ್ಕು ಕಟ್ಟಿಕೊಂಡು ಟು-ಕೆ ಪೈಂಟ್ (ಹಾರ್ಡನರ್ ಕಲಸುವ ಎರಡು ಭಾಗದ ಬಣ್ಣ) ಹೊಡೆಯುವ ಹುಡುಗರನ್ನು ಮಂಗಳೂರು, ಉಡುಪಿಯ ಗ್ಯಾರೇಜುಗಳಲ್ಲಿ ದಿನವೂ ನೋಡುತ್ತೇನೆ. ನೋಡಿದರೆ ಸಂಕಟವಾಗುತ್ತದೆ. ಐಸೋಸಯನೇಟ್ ಅಸ್ತಮಾ ತರುತ್ತದೆ. ಒಮ್ಮೆ ದೇಹಕ್ಕೆ ಅದರ ಅಲರ್ಜಿ ಹತ್ತಿದರೆ ಮುಂದೆ ಚೂರು ಸೋಕಿದರೂ ಉಸಿರು ಕಟ್ಟುತ್ತದೆ. ವಾಸನೆ ಬಂದಾಗ ಎಚ್ಚರವಾಗುತ್ತೇನೆ ಎಂದರೆ ಆಗುವುದಿಲ್ಲ, ವಾಸನೆ ತಿಳಿಯುವ ಮೊದಲೇ ಹಾನಿಯ ಮಟ್ಟ ದಾಟಿರುತ್ತದೆ. ಹೊರಗಿನ ಶುದ್ಧ ಗಾಳಿಯನ್ನು ಪೈಪಿನಲ್ಲಿ ಕೊಡುವ ಮಾಸ್ಕ್ ಎಲ್ಲಕ್ಕಿಂತ ಒಳ್ಳೆಯದು. ಅಣ್ಣನಿಗೂ ನನಗೂ ಅಂಥದ್ದನ್ನೇ ಬಾಡಿಗೆಗೆ ತಂದೆ. ಕೈಗೆ ಗ್ಲೌಸ್, ಮೈತುಂಬ ಬಟ್ಟೆ. ಅಕ್ಕಪಕ್ಕದ ಮನೆಯ ಮಕ್ಕಳು ಅತ್ತ ಸುಳಿಯದಂತೆ ಮೊದಲೇ ಹೇಳಿದ್ದೆ.

ಹೊಡೆಯುವುದು ಸುಲಭ. ಮೂಲೆ, ಅಂಚು ಮೊದಲು, ಅಗಲ ಜಾಗ ಆಮೇಲೆ. ಒತ್ತಡ ಕಡಿಮೆ ಮಾಡಿದರೆ ಒರಟು, ಹೆಚ್ಚಿಸಿದರೆ ನುಣುಪು. ಕ್ರೇಟು ಜಾರದಿರಲೆಂದು ನೆಲಕ್ಕೆ ಒರಟು, ತೊಳೆಯಲು ಸುಲಭವಾಗಲೆಂದು ಪಕ್ಕದ ಗೋಡೆಗೆ ನುಣುಪು. ಒಟ್ಟಿಗೇ ಎಲ್ಲ ಬಾಟಲಿ ಕಲಸಬೇಡಿ. ಕಲಸಿದ ಮೇಲೆ ಎಷ್ಟು ಹೊತ್ತಿನೊಳಗೆ ಹೊಡೆಯಬೇಕೆಂದು ಡಬ್ಬದ ಮೇಲೆ ಬರೆದ ಸಮಯ ತಂಪು ಹವೆಯ ಲೆಕ್ಕದ್ದು, ನಮ್ಮ ಸೆಕೆಗೆ ಬೇಗ ಗಟ್ಟಿಯಾಗುತ್ತದೆ. ಎರಡು ಕೋಟ್ ಕೊಟ್ಟು, ಒಂದು ವಾರ ಭಾರ ಹೇರದೆ ಬಿಟ್ಟೆವು.

ಒಂದು ಮಳೆಗಾಲ ಕಳೆದಿದೆ, ನೆಲ ಗಟ್ಟಿ ಉಂಟು. ಕ್ರೇಟಿನ ಒಡೆದ ಮೂಲೆ ಬಡಿದು ಒಂದು ಕಡೆ ತಗಡು ಕಂಡಾಗ ಅದೇ ವಾರ ತಿಕ್ಕಿ, ತೊಳೆದು, ಅಷ್ಟೇ ಜಾಗಕ್ಕೆ ಲೇಪ ಹಚ್ಚಿದೆ. ಬಿಟ್ಟರೆ ಉಪ್ಪುನೀರು ಆ ಗಾಯದಿಂದ ಒಳಗೆ ಹರಿದು ಹೋಗುತ್ತದೆ. ಲೋಡ್ ಇಳಿಸಿದ ಮೇಲೆ ಸಿಹಿನೀರಿನಲ್ಲಿ ತೊಳೆಯುವುದನ್ನು ನಿಲ್ಲಿಸಿಲ್ಲ. ಆಗಾಗ ಸ್ಪ್ಯಾನರ್ ಹಿಡಿಯಿಂದ ನೆಲ ತಟ್ಟಿ ಕೇಳುತ್ತೇನೆ. ಅಂಟು ಬಿಟ್ಟ ಕಡೆ ಪೊಳ್ಳು ಸದ್ದು ಬರುತ್ತದೆ. ಮೀನು ನೇರವಾಗಿ ಸುರಿಯುವವರು ಮಾತ್ರ ಈ ಲೇಪ ಹಾಕಬೇಡಿ, ಆಹಾರ ತಾಗುವ ಜಾಗಕ್ಕೆಂದೇ ಬೇರೆ ಲೇಪಗಳು ಬರುತ್ತವೆ. ಬಾಡಿಯ ಅಡಿಭಾಗಕ್ಕೂ ಬೆಡ್‌ಲೈನರ್‌ನಿಂದ ರಕ್ಷಣೆ ಇಲ್ಲ. ಅಡ್ಡಪಟ್ಟಿಗಳ ಒಳಗೆ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ವ್ಯಾಕ್ಸ್ ಹೊಡೆಸುತ್ತೇನೆ.