ಉದ್ದ ಕೂರುವುದನ್ನು ಬಿಟ್ಟ ಮೇಲೆ ಧ್ಯಾನ ಕೈಹಿಡಿಯಿತು: ನನ್ನ ಅನುಭವ

ದಿನಕ್ಕೆ ಮೂರು ಸಲ, ಒಂದೊಂದು ಸಲಕ್ಕೆ 20 ನಿಮಿಷ. ನನ್ನ ಸಾಧನೆ ಇಷ್ಟೇ ಅಂದಾಗ ಜೊತೆಯ ಸಾಧಕರು ಒಪ್ಪಲಿಲ್ಲ. ಎರಡು ಗಂಟೆ ಒಂದೇ ಆಸನದಲ್ಲಿ ಕೂರದವರು ಸಾಧಕರೇ ಅಲ್ಲ ಅಂದವರೂ ಇದ್ದರು. ಈಗ ಆರೇಳು ವರ್ಷವಾಯಿತು. ಹೇಗೆ ಮಾಡ್ತೀರಿ ಅಂತ ಅವರೇ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಎರಡು ಗಂಟೆ ನಾನೂ ಕೂತು ನೋಡಿದ್ದೇನೆ. ಮುಕ್ಕಾಲು ಗಂಟೆ ದಾಟಿದರೆ ಸಾಕು, ಲಯ, ಅಂದರೆ ಮನಸ್ಸು ತೂಕಡಿಕೆಗೆ ಜಾರುವುದು. ಬೆನ್ನು ನೆಟ್ಟಗೇ ಇರುತ್ತಿತ್ತು, ಗದ್ದ ಮಾತ್ರ ಎದೆಗೆ ತಾಗಿರುತ್ತಿತ್ತು. ಜಪಮಾಲೆ ಬೆರಳಿನಿಂದ ಜಾರಿ ತೊಡೆಯ ಮೇಲೆ ಬಿದ್ದಿರುತ್ತಿತ್ತು. ಅದನ್ನೇ ಸಮಾಧಿ ಅಂದುಕೊಳ್ಳುವವರಿದ್ದಾರೆ. ಅದು ಬರೀ ನಿದ್ದೆ.

ಶಿಬಿರ, ದೀಕ್ಷೆ ಅಂತ ಹೆಚ್ಚುಕಮ್ಮಿ ನಾಲ್ಕು ತಿಂಗಳ ಸಂಬಳ ಹೋಯಿತು. ಒಂದು ಕಡೆ ಕುಂಡಲಿನಿ, ಅಂದರೆ ಬೆನ್ನುಹುರಿಯ ಬುಡದಲ್ಲಿ ಮಲಗಿದೆ ಅನ್ನುವ ಶಕ್ತಿಯನ್ನು, ಎಬ್ಬಿಸುತ್ತೇವೆ ಅಂದವರು ಹಂತಹಂತಕ್ಕೂ ಬೇರೆ ಕಾಣಿಕೆ ಕೇಳಿದರು. ಹಂತಗಳು ಮುಗಿಯಲೇ ಇಲ್ಲ.

ನಡುವೆ ತ್ರಾಟಕ ಹಿಡಿದೆ, ಅಂದರೆ ಒಂದನ್ನೇ ರೆಪ್ಪೆ ಬಡಿಯದೆ ದಿಟ್ಟಿಸುವ ಅಭ್ಯಾಸ. ದೀಪ ಕಣ್ಣಿನ ಮಟ್ಟಕ್ಕೆ, ಒಂದು ತೋಳಿನಷ್ಟು ದೂರ. ನೀರು ಬರುವವರೆಗೆ ನೋಡಿ ಕಣ್ಣು ಮುಚ್ಚಿದರೆ ಬಿಂಬ ನಿಲ್ಲುತ್ತದೆ, ಅಲ್ವಾ? ಕೆಲವು ವಾರಗಳಲ್ಲಿ ಅದು ಬಣ್ಣ ಬದಲಿಸುತ್ತಾ ಒಂದು ನಿಮಿಷದ ತನಕ ನಿಲ್ಲತೊಡಗಿತು. ನೋಡಲು ಚೆಂದ. ಆದರೆ ಯಾರಾದರೂ ಎದುರು ಮಾತಾಡಿದರೆ ನನ್ನ ಸಿಟ್ಟು ಇದ್ದ ಹಾಗೇ ಇತ್ತು. ಬಿಟ್ಟುಬಿಟ್ಟೆ.

ಕೆಲಸಕ್ಕೆ ಬಂದದ್ದು ಉಸಿರಿನ ಎಣಿಕೆ. ಹೊರಗೆ ಹೋಗುವ ಉಸಿರನ್ನಷ್ಟೇ ಎಣಿಸುತ್ತೇನೆ, 10 ಆದ ಮೇಲೆ ಮತ್ತೆ 1. ತಪ್ಪಿದರೆ ಬೇಜಾರಿಲ್ಲದೆ 1ಕ್ಕೇ ವಾಪಸ್. ಮೊದಲ ತಿಂಗಳು ನಾಲ್ಕೈದು ದಾಟಿದ್ದೇ ಅಪರೂಪ. ಸುಮ್ನೆ 13, 14 ಅಂತ ಓಡುತ್ತಿದ್ದರೆ ಅದೂ ಮರೆವೇ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮನಸ್ಸು ನಿಂತ ಮೇಲೆ ಎಣಿಕೆ ಬಿಟ್ಟು ಮಂತ್ರಕ್ಕೆ ಹೋಗುತ್ತೇನೆ. ಯಾವ ಗುರುತು ನೋಡಿ ಬಿಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ಎದುರು ಕೂತು ಹೇಳುವಂಥದ್ದು.

ಧ್ಯಾನದಲ್ಲಿ ಸುಖ ಬಂದರೆ ಅದನ್ನು ಸವಿಯುತ್ತಾ ನಿಲ್ಲಬೇಡಿ ಅಂತ ಅದ್ವೈತದ ಹಳೆಯ ಆಚಾರ್ಯರಾದ ಗೌಡಪಾದರು ಎಚ್ಚರಿಸಿದ್ದಾರೆ. ರಸಾಸ್ವಾದ ಅನ್ನುವುದು ಇದನ್ನೇ. ಯೋಗಸೂತ್ರದ ಪತಂಜಲಿ ಕೂಡ ಸಿದ್ಧಿಗಳನ್ನು, ಅಂದರೆ ಸಾಧನೆಯಿಂದ ಬರುವ ಅತಿಮಾನುಷ ಶಕ್ತಿಗಳನ್ನು, ಸಮಾಧಿಗೆ ಅಡ್ಡಿ ಅಂತಲೇ ಹೇಳಿದ್ದು. ಹಾಗಾಗಿ ಏನು ಕಂಡಿತು ಅಂತ ನಾನು ಯಾರನ್ನೂ ಕೇಳುವುದಿಲ್ಲ. ಸಿಟ್ಟು ಎಷ್ಟು ಹೊತ್ತಿಗೆ ಇಳಿಯಿತು ಅಂತ ಕೇಳುತ್ತೇನೆ. ನನಗೆ ಮೊದಲು ಎರಡು ದಿನ ಬೇಕಾಗುತ್ತಿತ್ತು, ಈಗ ಕಾಲು ಗಂಟೆ ಸಾಕು. ಎರಡು ಗಂಟೆ ಕೂರುವವರಲ್ಲೂ ಇದನ್ನು ಜಾಸ್ತಿ ಕಂಡಿಲ್ಲ.

ಮೂರರಲ್ಲಿ ಒಂದನ್ನು ಬಿಡಲೇಬೇಕಾದ ದಿನ ರಾತ್ರಿಯದನ್ನು ಬಿಡುತ್ತೇನೆ, ಮಧ್ಯಾಹ್ನದ್ದನ್ನಲ್ಲ. ಕೆಲಸದ ನಡುವೆ ಎದ್ದುಹೋಗಿ ಕೂತದ್ದೇ ನನ್ನ ಸಿಟ್ಟಿಗೆ ಹೆಚ್ಚು ಮದ್ದಾಯಿತು.