ಒಂದು ಪ್ರಸಂಗದ ಬೆನ್ನುಹತ್ತುವ ಬಗೆ: ಹಳೆಯ ಪುಸ್ತಕದಿಂದ ರಂಗಸ್ಥಳದವರೆಗೆ

ಹಳೆಯ ಪುಸ್ತಕಗಳನ್ನು ಹುಡುಕುವುದು, ಊರೂರು ಸುತ್ತುವುದು, ಎದುರಿಗೆ ಕುಳಿತು ಕಲಾವಿದರ ಪ್ರದರ್ಶನ ನೋಡುವುದು, ಈ ಮೂರೂ ಒಟ್ಟಿಗೆ ಇಷ್ಟವಾಗುವ ಹರೆಯದವರಿಗೆ ನಮ್ಮ ನಾಡಿನಲ್ಲಿ ಯಕ್ಷಗಾನದಷ್ಟು ತಕ್ಕ ಕ್ಷೇತ್ರ ಇನ್ನೊಂದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಯಕ್ಷಗಾನದಲ್ಲಿ ಆಡುವ ಕಥೆಗೆ ಪ್ರಸಂಗ ಎನ್ನುತ್ತಾರೆ. ಪ್ರಸಂಗ ಪುಸ್ತಕದಲ್ಲಿ ಭಾಗವತರು, ಅಂದರೆ ಆಟದ ಹಾಡುಗಾರರು, ಹಾಡುವ ಪದ್ಯಗಳು ಮಾತ್ರ ಇರುತ್ತವೆ. ವೇಷಧಾರಿಗಳು ಆಡುವ ಮಾತು, ಅಂದರೆ ಅರ್ಥ, ಯಾವ ಪುಟದಲ್ಲೂ ಅಚ್ಚಾಗಿರುವುದಿಲ್ಲ. ಅದನ್ನು ಕಲಾವಿದರು ಆಯಾ ರಾತ್ರಿ ತಮ್ಮ ಓದು ಮತ್ತು ಪ್ರತಿಭೆಯಿಂದ ಕಟ್ಟುತ್ತಾರೆ. ಆದ್ದರಿಂದ ಪುಸ್ತಕ ಓದಿದವನು ಆಟಕ್ಕೆ, ಅಂದರೆ ಪ್ರದರ್ಶನಕ್ಕೆ, ಹೋಗಲೇಬೇಕಾಗುತ್ತದೆ, ಆಟಕ್ಕೆ ಹೋಗಬೇಕೆಂದರೆ ಪ್ರಯಾಣ ಮಾಡಲೇಬೇಕಾಗುತ್ತದೆ. ಹೊಸಬರಿಗೆ ನನ್ನ ಸಲಹೆ ಇಷ್ಟೆ: ಸಿಕ್ಕಸಿಕ್ಕ ಆಟಗಳನ್ನೆಲ್ಲ ನೋಡುವ ಬದಲು ಒಂದು ವರ್ಷ ಒಂದೇ ಪ್ರಸಂಗವನ್ನು ಆರಿಸಿಕೊಂಡು, ಅದನ್ನು ಮೂಲಕಾವ್ಯ, ಪ್ರಸಂಗ ಪುಸ್ತಕ, ವೇಷ ಕಟ್ಟಿ ಕುಣಿಯುವ ಬಯಲಾಟ ಮತ್ತು ಕುಳಿತು ಮಾತಿನಲ್ಲಿಯೇ ನಡೆಸುವ ತಾಳಮದ್ದಲೆ ಎಲ್ಲದರಲ್ಲಿಯೂ ಹಿಂಬಾಲಿಸಿರಿ.

ಆಯ್ಕೆಗೆ ಪ್ರಸಂಗಗಳು ಬೇಕಾದಷ್ಟಿವೆ. ರಾಮಾಯಣ ಇಷ್ಟವಿದ್ದರೆ ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗಗಳನ್ನು ತೊರವೆ ರಾಮಾಯಣದ ಜೊತೆಗಿಟ್ಟು ಓದಬಹುದು. ಸುಧನ್ವಾರ್ಜುನದಂಥ ಪ್ರಸಂಗ ಹಿಡಿದರೆ ಲಕ್ಷ್ಮೀಶನ ಜೈಮಿನಿ ಭಾರತ ತಾನಾಗಿಯೇ ಓದಿನ ಪಟ್ಟಿಗೆ ಬರುತ್ತದೆ. ಮೊದಲ ವರ್ಷಕ್ಕೆ ನಾನು ಸೂಚಿಸುವುದು ದೇವಿದಾಸ ಕವಿಯ ಕೃಷ್ಣಸಂಧಾನವನ್ನು. ಅದು ತೆಂಕು ಮತ್ತು ಬಡಗು ಎರಡೂ ತಿಟ್ಟುಗಳಲ್ಲಿ, ಅಂದರೆ ಯಕ್ಷಗಾನದ ದಕ್ಷಿಣ ಮತ್ತು ಉತ್ತರದ ಶೈಲಿಗಳಲ್ಲಿ, ಬಳಕೆಯಲ್ಲಿದೆ, ತಾಳಮದ್ದಲೆಯಲ್ಲಿಯಂತೂ ಬಹಳ ಜನಪ್ರಿಯವಾಗಿದೆ. ಅದರ ಕಥೆ ಕುಮಾರವ್ಯಾಸನ ಉದ್ಯೋಗಪರ್ವದಲ್ಲಿ ಸೊಗಸಾಗಿ ಸಿಗುತ್ತದೆ.

ಓದನ್ನು ಮೂಲಕಾವ್ಯದಿಂದಲೇ ಆರಂಭಿಸಬೇಕು. 1958ರಲ್ಲಿ ಕುವೆಂಪು ಮತ್ತು ಮಾಸ್ತಿಯವರ ಸಂಪಾದಕತ್ವದಲ್ಲಿ ಮೈಸೂರು ಸರ್ಕಾರ ಹೊರತಂದ ಕುಮಾರವ್ಯಾಸನ ಕರ್ಣಾಟ ಭಾರತ ಕಥಾಮಂಜರಿಯ ಪ್ರತಿಗಳು ಹಳೆಯ ಪುಸ್ತಕದ ಅಂಗಡಿಗಳಲ್ಲಿ ಈಗಲೂ ಆಗಾಗ ಕಣ್ಣಿಗೆ ಬೀಳುತ್ತವೆ. ಉದ್ಯೋಗಪರ್ವವನ್ನು ಮನಸ್ಸಿನಲ್ಲಿ ಓದಿಕೊಂಡರೆ ಸಾಲದು, ಬಾಯಿಬಿಟ್ಟು ಓದಬೇಕು. ಭಾಮಿನಿ ಷಟ್ಪದಿ ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದರ ಹಿಂದೊಂದು ಬರುವ ಛಂದಸ್ಸು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ 14 ಮಾತ್ರೆಗಳಿದ್ದು, ಮೂರು ಮತ್ತು ಆರನೆಯ ಸಾಲುಗಳು ಅದರ ಒಂದೂವರೆಯಷ್ಟು ಬೆಳೆದು ಕೊನೆಗೊಂದು ಗುರುವಿನಲ್ಲಿ ನಿಲ್ಲುತ್ತವೆ. ಬೆರಳಿನಿಂದ ಮೂರು-ನಾಲ್ಕು, ಮೂರು-ನಾಲ್ಕು ಎಂದು ತಟ್ಟುತ್ತ ಹತ್ತಿಪ್ಪತ್ತು ಪದ್ಯ ಓದಿದರೆ ಸಂಧಿ ಎಲ್ಲಿ ಬಿಡಿಸಬೇಕೆಂಬುದು ನಾಲಗೆಗೇ ತಿಳಿಯತೊಡಗುತ್ತದೆ. ಅರ್ಥವಾಗದ ಶಬ್ದಕ್ಕೆಲ್ಲ ನಿಂತು ನಿಘಂಟು ತೆಗೆಯುವ ಅವಸರ ಬೇಡ. ದ್ರೌಪದಿ ಕೃಷ್ಣನೆದುರು ತನ್ನ ಮುಡಿಯ ಮಾತೆತ್ತುವುದು, ಕೃಷ್ಣ ವಿದುರನ ಮನೆಗೆ ಹೋಗುವುದು, ಏಳದೆ ಕುಳಿತ ಕೌರವ ಕೃಷ್ಣನು ಅಂಗುಷ್ಠದಿಂದ ನೆಲವನ್ನೊತ್ತಿದಾಗ ಪೀಠದಿಂದ ಉರುಳುವುದು, ವಿದುರ ತನ್ನ ಬಿಲ್ಲನ್ನು ಮುರಿಯುವುದು, ಈ ಘಟ್ಟಗಳನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಿರಿ. ಮುಂದೆ ರಂಗಸ್ಥಳದಲ್ಲಿ ನೀವು ಎದುರು ನೋಡಬೇಕಾದದ್ದು ಇವುಗಳನ್ನೇ.

ಆಮೇಲೆ ಪ್ರಸಂಗ ಪುಸ್ತಕದ ಹುಡುಕಾಟ. ಉಡುಪಿಯ ಪಾವಂಜೆ ಗುರುರಾವ್ ಅವರ ಪ್ರಕಾಶನದಂಥವು ಹಿಂದೆ ಪ್ರಸಂಗಗಳನ್ನು ತೆಳುವಾದ, ಅಗ್ಗದ ಪುಸ್ತಿಕೆಗಳಾಗಿ ಅಚ್ಚುಹಾಕಿ ಕರಾವಳಿಯ ಮನೆಮನೆಗೆ ತಲುಪಿಸಿದ್ದವು. ಅಗ್ಗವಾಗಿದ್ದುದರಿಂದಲೇ ಅವುಗಳನ್ನು ಯಾರೂ ಜೋಪಾನ ಮಾಡಲಿಲ್ಲ. ಗ್ರಂಥಾಲಯಗಳಿಗಿಂತ ಹವ್ಯಾಸಿ ಅರ್ಥಧಾರಿಗಳ, ಅಂದರೆ ತಾಳಮದ್ದಲೆಯಲ್ಲಿ ಅರ್ಥ ಹೇಳುವವರ, ಮನೆಯ ಕಪಾಟುಗಳಲ್ಲಿ ಅವು ಹೆಚ್ಚಾಗಿ ಉಳಿದಿವೆ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆವರಣದಲ್ಲಿರುವ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ, ಬೆಂಗಳೂರಿನ ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನ ಗ್ರಂಥಾಲಯ, ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳು, ಇವೆಲ್ಲ ವಿಚಾರಿಸತಕ್ಕ ಜಾಗಗಳು. ಹೋಗುವ ಮೊದಲು ಪ್ರಸಂಗದ ಹೆಸರು, ಕವಿಯ ಹೆಸರು ಎರಡನ್ನೂ ಬರೆದುಕೊಳ್ಳಿರಿ, ಏಕೆಂದರೆ ಒಂದೇ ಕಥೆಗೆ ಹಲವು ಕವಿಗಳ ಪ್ರಸಂಗಗಳಿರುವುದು ಸಾಮಾನ್ಯ. ಅಂತರ್ಜಾಲದಲ್ಲಿ ಯಕ್ಷವಾಹಿನಿ ಸಂಸ್ಥೆಯವರು ಪ್ರಸಂಗಗಳನ್ನು ಸಂಗ್ರಹಿಸಿ ಉಚಿತವಾಗಿ ಒದಗಿಸುತ್ತಿರುವುದು ದೊಡ್ಡ ಉಪಕಾರ. ಮೂಲಪ್ರತಿ ಸಿಕ್ಕದಿದ್ದರೆ ಅಲ್ಲಿಂದ ಇಳಿಸಿಕೊಂಡು ಮುದ್ರಿಸಿಕೊಳ್ಳಿರಿ. ಆಟಕ್ಕೆ ಒಯ್ಯಬೇಕಾದದ್ದೂ ಆ ಮುದ್ರಿತ ಪ್ರತಿಯನ್ನೇ.

ಹಳೆಯ ಪ್ರತಿ ಕೈಗೆ ಸಿಕ್ಕಿತೆಂದರೆ ಅದನ್ನು ನೋಡಿಕೊಳ್ಳುವ ಹೊಣೆಯೂ ನಿಮ್ಮದೇ. ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದದಲ್ಲಿ ಕಾಲಕಳೆದಂತೆ ಆಮ್ಲೀಯತೆ ಹೆಚ್ಚಿ, ಹಾಳೆ ಹಳದಿಯಾಗಿ, ಮಡಚಿದಲ್ಲಿ ಮುರಿಯುತ್ತದೆ. ಹರಿದ ಕಡೆ ಸೆಲೋಟೇಪು ಅಂಟಿಸಲೇಬೇಡಿ; ಅದರ ಅಂಟು ಕೆಲವೇ ವರ್ಷಗಳಲ್ಲಿ ಕಂದುಬಣ್ಣಕ್ಕೆ ತಿರುಗಿ ಅಕ್ಷರಗಳನ್ನು ನುಂಗುತ್ತದೆ. ಜೆರಾಕ್ಸ್ ಯಂತ್ರದ ಮೇಲೆ ಒತ್ತಿಹಿಡಿದರೆ ಹೊಲಿಗೆ ಬಿಚ್ಚಿಕೊಳ್ಳುತ್ತದೆ, ಆದ್ದರಿಂದ ಕಿಟಕಿಯ ಬಳಿ ನೇರ ಬಿಸಿಲು ಬೀಳದ ಬೆಳಕಿನಲ್ಲಿ ಪುಸ್ತಕವನ್ನು ಅರ್ಧ ಮಾತ್ರ ತೆರೆದಿಟ್ಟು ಫೋನಿನಿಂದ ಪುಟಪುಟವಾಗಿ ಚಿತ್ರ ತೆಗೆಯುವುದು ಲೇಸು. ಮೊದಲ ಪುಟ ಮತ್ತು ಹೊದಿಕೆಯ ಹಿಂಬದಿಯನ್ನು ಬಿಡಬೇಡಿ. ಮುದ್ರಣಾಲಯದ ಹೆಸರು, ಇಸವಿ, ಬೆಲೆ, ಹಿಂದಿನ ಒಡೆಯರ ಸಹಿ ಎಲ್ಲ ಅಲ್ಲಿಯೇ ಇರುತ್ತವೆ.

ಪ್ರಸಂಗವನ್ನು ಓದುವ ಕ್ರಮ ಕಾವ್ಯವನ್ನು ಓದುವ ಕ್ರಮಕ್ಕಿಂತ ಬೇರೆ. ಪ್ರತಿ ಪದ್ಯದ ತಲೆಯ ಮೇಲೆ ರಾಗ ಮತ್ತು ತಾಳದ ಹೆಸರಿರುತ್ತದೆ: ಭೈರವಿ ಝಂಪೆ, ಕಾಂಬೋಧಿ ಝಂಪೆ, ಸೌರಾಷ್ಟ್ರ ತ್ರಿವುಡೆ ಇತ್ಯಾದಿ. ನಡುನಡುವೆ ಭಾಮಿನಿ, ವಾರ್ಧಕ, ಕಂದ, ದ್ವಿಪದಿ ಎಂಬ ಛಂದಸ್ಸುಗಳ ಪದ್ಯಗಳು ಬರುತ್ತವೆ. ಸಂಗೀತ ಬಾರದವರು ಇದನ್ನು ಹಾರಿಸಿ ಓದಿಬಿಡುತ್ತಾರೆ. ಹಾಗೆ ಮಾಡದೆ, ತಾಳ ಬದಲಾದ ಜಾಗಗಳಿಗೆಲ್ಲ ನಿಮ್ಮ ಪ್ರತಿಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿರಿ. ಹೆಚ್ಚಿನ ಪ್ರಸಂಗಗಳಲ್ಲಿ ಭಾವ ತಿರುಗುವುದು ಅಲ್ಲಿಯೇ. ಪ್ರತಿ ಪದ್ಯದ ಬದಿಯಲ್ಲಿ ಅದು ಯಾರು ಯಾರಿಗೆ ಹೇಳುವ ಮಾತು ಎಂದು ಬರೆದುಕೊಂಡು, ಆ ಪಾತ್ರ ನೀವೇ ಆಗಿದ್ದರೆ ಏನು ಹೇಳುತ್ತಿದ್ದಿರಿ ಎಂದು ನಾಲ್ಕು ವಾಕ್ಯಗಳಲ್ಲಿ ಅರ್ಥ ಬರೆದು ನೋಡಿರಿ. ನಾನು ಕಂಡ ಎಲ್ಲ ಉಪಾಯಗಳಲ್ಲಿ ಇದೇ ಹೆಚ್ಚು ಫಲ ಕೊಡುವಂಥದ್ದು, ಏಕೆಂದರೆ ನೀವು ಹೊಳೆಯಿಸಿಕೊಳ್ಳಲಾಗದ ಒಂದು ವಾದವನ್ನು ಅನುಭವಿ ಅರ್ಥಧಾರಿ ಅದೇ ಪದ್ಯದಿಂದ ಹೊರತೆಗೆದಾಗ ಅದರ ಬೆಲೆ ಏನೆಂಬುದು ನಿಮಗೆ ಕೂಡಲೇ ತಿಳಿಯುತ್ತದೆ. ಹಿನ್ನೆಲೆಯ ಓದಿಗೆ ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ ಸಾಕು. 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಗ್ರಂಥವದು.

ಇನ್ನು ಪ್ರಯಾಣ. ಮೇಳಗಳು, ಅಂದರೆ ಯಕ್ಷಗಾನದ ತಂಡಗಳು, ದೀಪಾವಳಿಯ ನಂತರ ನವೆಂಬರಿನ ಹೊತ್ತಿಗೆ ತಿರುಗಾಟಕ್ಕೆ ಹೊರಟು, ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ಪತ್ತನಾಜೆ ಎಂಬ ತುಳುನಾಡಿನ ಆಚರಣೆಯ ದಿನದ ಆಸುಪಾಸಿನಲ್ಲಿ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ಡಿಸೆಂಬರಿನಿಂದ ಫೆಬ್ರುವರಿಯವರೆಗಿನ ತಂಪು ರಾತ್ರಿಗಳು ಹೊಸಬರಿಗೆ ಅನುಕೂಲ. ಕಟೀಲು, ಮಂದಾರ್ತಿಯಂಥ ಕ್ಷೇತ್ರಗಳ ಮೇಳಗಳು ಹರಕೆ ಆಟ ಆಡುತ್ತವೆ. ಅಲ್ಲಿ ಟಿಕೆಟ್ ಇಲ್ಲ, ಆಟ ಆಡಿಸುವವರ ಮನೆಯ ಊಟ ಬಂದವರಿಗೆಲ್ಲ ಇರುತ್ತದೆ. ಆದರೆ ಪ್ರಸಂಗವನ್ನು ನಿರ್ಧರಿಸುವವರು ಸೇವೆ ಮಾಡಿಸುವವರು. ಕಟೀಲು ಮೇಳದ ಆಟಕ್ಕೆ ಹೋದರೆ ದೇವೀಮಹಾತ್ಮೆಯೇ ಸಿಗುವ ಸಂಭವ ಹೆಚ್ಚು. ಮಹಿಷಾಸುರ ಪಂಜುಗಳ ಬೆಳಕಿನಲ್ಲಿ ಪ್ರೇಕ್ಷಕರ ಹಿಂದಿನಿಂದ ಅಬ್ಬರಿಸುತ್ತ ಬರುವುದನ್ನು ಒಮ್ಮೆ ನೋಡಲೇಬೇಕು. ಕೃಷ್ಣಸಂಧಾನ ಬೇಕಿದ್ದವರು ಕರಾವಳಿಯ ದಿನಪತ್ರಿಕೆಗಳಲ್ಲಿ ಬರುವ ಆ ದಿನದ ಆಟಗಳ ಪಟ್ಟಿಯನ್ನು ಗಮನಿಸುತ್ತಿರಬೇಕು. ಭೀಷ್ಮಪರ್ವ, ಕರ್ಣಪರ್ವ, ಗದಾಯುದ್ಧಗಳ ಜೊತೆ ಕೂಡಿಸಿ ಒಂದೇ ರಾತ್ರಿಯಲ್ಲಿ ಆಡುವುದೂ ಉಂಟು. ಈಗ ಹಲವು ಮೇಳಗಳು ಕಾಲಮಿತಿಯಲ್ಲಿ ಆಡಿ ನಡುರಾತ್ರಿಯ ಹೊತ್ತಿಗೆ ಮುಗಿಸುತ್ತವೆ. ಅದರಲ್ಲಿ ತಪ್ಪೇನೂ ಇಲ್ಲವಾದರೂ, ನಿಧಾನವಾಗಿ ಬೆಳೆಯುವ ಸಂವಾದದ ಸೊಗಸು ತಿಳಿಯಲು ಬೆಳಗಿನ ಮಂಗಳದವರೆಗಿನ ಆಟವೊಂದನ್ನು ಪೂರ್ತಿ ನೋಡಿರಿ.

ಬೆಂಗಳೂರಿನವರಿಗೆ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹೊರಟು ಬೆಳಗಿನ ಜಾವ ಉಡುಪಿ, ಕುಂದಾಪುರಗಳಿಗೆ ತಲುಪಿಸುತ್ತದೆ. ಉತ್ತರ ಕರ್ನಾಟಕದವರಾದರೆ ಗದಗಿನಲ್ಲಿಳಿದು ವೀರನಾರಾಯಣ ದೇವಾಲಯವನ್ನು ನೋಡಿರಿ. ಕುಮಾರವ್ಯಾಸ ಕುಳಿತು ಕಾವ್ಯ ರಚಿಸಿದನೆಂದು ಹೇಳುವ ಕಂಬವನ್ನು ಅಲ್ಲಿ ತೋರಿಸುತ್ತಾರೆ. ಅಲ್ಲಿಂದ ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಟ್ಟದ ಮೂಲಕ ಅಂಕೋಲೆಗೆ ಇಳಿದು ಹೊನ್ನಾವರದ ಗುಣವಂತೆಗೆ ಹೋಗಬಹುದು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಊರು ಅದು. ಗಡಿಬಿಡಿಯ ಪ್ರವಾಸ ಬೇಡ. ಹಗಲು ಒಂದು ಗ್ರಂಥಾಲಯ ಅಥವಾ ಒಂದು ಊರು, ರಾತ್ರಿ ಒಂದು ಆಟ, ಮರುದಿನ ಪೂರ್ತಿ ನಿದ್ದೆ ಎಂದು ಲೆಕ್ಕ ಹಾಕಿಕೊಳ್ಳಿರಿ. ಹಳ್ಳಿಗಳಿಗೆ ಕೊನೆಯ ಬಸ್ಸು ಬೇಗ ಮುಗಿಯುವುದರಿಂದ ಸಂಜೆಯ ಬೆಳಕಿರುವಾಗಲೇ ಆಟದ ಬಯಲನ್ನು ಸೇರಬೇಕು, ಎಲ್ಲಿದ್ದೀರೆಂದು ಮನೆಗೆ ತಿಳಿಸಬೇಕು, ಮೊದಲ ಸಲ ಜೊತೆಗೊಬ್ಬರನ್ನು ಕರೆದೊಯ್ಯಬೇಕು. ಒಂದು ಶಾಲು, ನೀರಿನ ಬಾಟಲಿ, ನೆಲದ ಮೇಲೆ ಹಾಸಲು ಏನಾದರೊಂದು ಇದ್ದರೆ ಸಾಕು.

ಬೇಗ ತಲುಪಿದರೆ ಚೌಕಿಯನ್ನು ನೋಡುವ ಅವಕಾಶವಿದೆ. ವೇಷಧಾರಿಗಳು ಬಣ್ಣ ಹಾಕಿಕೊಳ್ಳುವ ಈ ಜಾಗದಲ್ಲಿ ದೇವರನ್ನಿಟ್ಟು ಪೂಜಿಸುವುದರಿಂದ ಚಪ್ಪಲಿ ಹೊರಗೆ ಬಿಟ್ಟು, ಅನುಮತಿ ಕೇಳಿ ಒಳಗೆ ಹೋಗಬೇಕು. ಕಿರೀಟ, ಗೆಜ್ಜೆಗಳನ್ನು ಮುಟ್ಟಬಾರದು, ಬಣ್ಣ ಬರೆದುಕೊಳ್ಳುತ್ತಿರುವವರನ್ನು ಮಾತಿಗೆಳೆಯಬಾರದು. ಆಟ ಶುರುವಾದ ಮೇಲೆ ಭಾಗವತರ ಮುಖ ಕಾಣುವಂಥ ಜಾಗದಲ್ಲಿ ಕುಳಿತುಕೊಳ್ಳಿರಿ. ಪುಸ್ತಕದ ಯಾವ ಪದ್ಯಗಳನ್ನು ಅವರು ಬಿಟ್ಟರು, ಯಾವ ಸಾಲನ್ನು ಮತ್ತೆ ಮತ್ತೆ ಎತ್ತಿಕೊಟ್ಟು ವೇಷಧಾರಿಯನ್ನು ಕುಣಿಸಿದರು ಎಂಬುದನ್ನು ಗಮನಿಸುವುದು ಓದಿ ಬಂದ ಪ್ರೇಕ್ಷಕರಿಗೆ ಮಾತ್ರ ಸಿಗುವ ಸುಖ. ಆಟದ ನಡುವೆ ಪುಟ ತಿರುವುತ್ತ ಕೂರಬೇಡಿ, ಫೋನಿನ ಬೆಳಕು ಹಿಂದಿನವರ ಕಣ್ಣಿಗೆ ಹೊಡೆಯುತ್ತದೆ. ಇಷ್ಟವಾದ ಒಂದೆರಡು ಮಾತುಗಳನ್ನು ನೆನಪಿನಲ್ಲಿಟ್ಟುಕೊಂಡು ಬೆಳಗ್ಗೆ ಬಸ್ಸಿನಲ್ಲಿಯೇ ಬರೆದಿಡಿರಿ. ನಿದ್ದೆ ಮಾಡಿ ಎದ್ದರೆ ಮರೆತುಹೋಗುತ್ತವೆ.

ಅದೇ ಪ್ರಸಂಗವನ್ನು ಇನ್ನೊಂದು ತಿಟ್ಟಿನಲ್ಲಿ ನೋಡಿದಾಗ ಚೆಂಡೆಯ ನಾದ, ವೇಷ, ಕುಣಿತ ಎಲ್ಲವೂ ಬದಲಾಗಿ, ಪದ್ಯ ಮಾತ್ರ ನಿಮ್ಮ ಪರಿಚಯದ್ದೇ ಆಗಿರುತ್ತದೆ. ಮಳೆಗಾಲದಲ್ಲಿ ಮೇಳಗಳು ವಿಶ್ರಾಂತಿಯಲ್ಲಿರುವಾಗ ತಾಳಮದ್ದಲೆಯ ಕಾಲ. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು ಕುಳಿತಲ್ಲಿಯೇ ಮಾತಿನಿಂದ ಹಸ್ತಿನಾವತಿಯನ್ನು ಕಟ್ಟುತ್ತಾರೆ. ಕೃಷ್ಣಸಂಧಾನದಲ್ಲಿ ಕೌರವನ ಕಡೆಯ ನ್ಯಾಯವನ್ನು ಸಮರ್ಥ ಅರ್ಥಧಾರಿಯೊಬ್ಬರು ಮಂಡಿಸುವಾಗ, ಓದುವಾಗ ನೀವು ಬರೆದಿಟ್ಟುಕೊಂಡ ನಾಲ್ಕು ವಾಕ್ಯಗಳನ್ನು ತೆಗೆದು ಹೋಲಿಸಿ ನೋಡಿರಿ. ಕಾರ್ಯಕ್ರಮ ಮುಗಿದ ಮೇಲೆ ಅವರ ಬಳಿ ಹೋಗಿ, ಇಂಥ ಮಾತಿಗೆ ಆಧಾರ ಎಲ್ಲಿದೆ ಎಂದು ವಿನಯದಿಂದ ಕೇಳಿದರೆ ಬಹುತೇಕರು ಸಂತೋಷದಿಂದ ಗ್ರಂಥದ ಹೆಸರು ಹೇಳುತ್ತಾರೆ. ಮುಂದಿನ ಓದಿನ ಪಟ್ಟಿ ಹಾಗೆ ಬೆಳೆಯುತ್ತದೆ.

ಹೀಗೆ ಓಡಾಡುವಾಗ ಎಂದಾದರೊಂದು ದಿನ ಯಾವುದೋ ಮನೆಯಲ್ಲಿ ಹಿರಿಯರೊಬ್ಬರು ಕೈಬರಹದ ಪ್ರಸಂಗದ ಕಟ್ಟನ್ನೋ ತಾಡವೋಲೆಯನ್ನೋ ತೆಗೆದು ತೋರಿಸಬಹುದು. ಅದನ್ನು ಕೊಂಡುಕೊಳ್ಳುವ ಮಾತೆತ್ತಬೇಡಿ. ತಾಡವೋಲೆಗೆ ಎಣ್ಣೆ ಹಚ್ಚಲು, ಒರೆಸಲು ನೀವಾಗಿ ಹೋಗಬೇಡಿ. ಅದು ಬಲ್ಲವರ ಕೆಲಸ. ಒಪ್ಪಿಗೆ ಪಡೆದು ಎಲ್ಲ ಹಾಳೆಗಳ ಚಿತ್ರಗಳನ್ನು ಕ್ರಮವಾಗಿ ತೆಗೆದು, ಮೊದಲ ಪ್ರತಿಯನ್ನು ಆ ಮನೆಯವರಿಗೇ ಕೊಟ್ಟು, ಅವರು ಬಯಸಿದರೆ ಗೋವಿಂದ ಪೈ ಸಂಶೋಧನ ಕೇಂದ್ರದಂಥ ಸಂಸ್ಥೆಯ ವಿಳಾಸವನ್ನು ತಿಳಿಸಿರಿ.